ಕೋಪನ್‌ಹೇಗನ್‌ನಲ್ಲಿ ಸೌನಾ, ತಣ್ಣೀರು, ಕಾಡು: ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ವಾರಕ್ಕೆ ಕೋಪನ್‌ಹೇಗನ್‌ಗೆ ಹೋಗುತ್ತಿದ್ದೇವೆ. ಅಲ್ಲಿ ‘ವೆಲ್‌ನೆಸ್’ ಅಂದರೆ ಏನೇನು ಸಿಗುತ್ತದೆ?

ಹೋಟೆಲ್ಲಿನ ಸ್ಪಾ, ಮಸಾಜು ಎಲ್ಲ ಊರಲ್ಲೂ ಇರುವಂಥದ್ದೇ. ಅದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. ಆ ಊರಿನವರು ತಮ್ಮ ಮೈಮನಸ್ಸಿಗಾಗಿ ಮಾಡಿಕೊಳ್ಳುವುದು ಬೇರೆ: ಬಂದರಿನ ನೀರಿನಲ್ಲಿ, ಕಡಲಿನಲ್ಲಿ ಮುಳುಗೇಳುತ್ತಾರೆ, ಸೌನಾದಲ್ಲಿ, ಅಂದರೆ ಒಲೆಯ ಮೇಲೆ ಕಲ್ಲು ಕಾಯಿಸಿದ ಮರದ ಬಿಸಿಕೋಣೆಯಲ್ಲಿ, ಕೂತು ಬೆವರುತ್ತಾರೆ, ಸೈಕಲ್ ತುಳಿದುಕೊಂಡು ಕಾಡಿನ ಕಡೆ ಹೋಗುತ್ತಾರೆ. ನೀರಿಗೂ ಕಾಡಿಗೂ ಕಾಸು ಕೊಡಬೇಕಾಗಿಲ್ಲ. ಸೌನಾಕ್ಕೆ ಮಾತ್ರ ಮುಂಗಡ ಟಿಕೆಟ್ ಬೇಕು, ವಾರಾಂತ್ಯದ್ದು ಬೇಗ ಮುಗಿದುಹೋಗುತ್ತದೆ. ಡೆನ್ಮಾರ್ಕಿನಲ್ಲಿ ಯೂರೋ ಅಲ್ಲ, ಕ್ರೋನ. ನೋಟು ಹಿಡಿದುಕೊಂಡು ಓಡಾಡುವ ಅಗತ್ಯವೂ ಇಲ್ಲ, ಎಲ್ಲೆಡೆ ಕಾರ್ಡ್ ನಡೆಯುತ್ತದೆ.

ಊರ ನಡುವಿನ ಬಂದರಿನಲ್ಲಿ ಈಜುವುದೇ? ಆ ನೀರು ಕೊಳಕಲ್ಲವೇ?

ಒಂದು ಕಾಲಕ್ಕೆ ಕೊಳಕೇ ಆಗಿತ್ತು. ಚರಂಡಿ ನೀರು, ಕಾರ್ಖಾನೆ ನೀರು ಸೇರಿ ದಶಕಗಟ್ಟಲೆ ಅಲ್ಲಿ ಯಾರೂ ಇಳಿಯುತ್ತಿರಲಿಲ್ಲ. ಒಳಚರಂಡಿಯನ್ನು ಸರಿಪಡಿಸಿ, ಜೋರು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ತೊಟ್ಟಿಗಳನ್ನು ನೆಲದಡಿ ಕಟ್ಟಿದ ಮೇಲೆ ನೀರು ತಿಳಿಯಾಯಿತು. 2002ರಲ್ಲಿ ಇಸ್ಲಾಂಡ್ಸ್ ಬ್ರೂಗೆ ಬಡಾವಣೆಯ ದಡದಲ್ಲಿ ಮೊದಲ ‘ಹಾವ್ನೆಬಾದ್’, ಅಂದರೆ ಬಂದರಿನ ಸ್ನಾನಕಟ್ಟೆ, ಶುರುವಾಯಿತು. ಈಗಿರುವ ಕಟ್ಟೆಯ ವಿನ್ಯಾಸ ಬಿಯಾರ್ಕೆ ಇಂಗೆಲ್ಸ್ ಮತ್ತು ಜೂಲಿಯನ್ ಡಿ ಸ್ಮೆಟ್ ಎಂಬ ವಾಸ್ತುಶಿಲ್ಪಿಗಳದ್ದು. ಐದು ಕೊಳಗಳಿವೆ, ಅವುಗಳಲ್ಲಿ ಎರಡು ಮಕ್ಕಳಿಗೆ. ಪ್ರವೇಶ ಪುಕ್ಕಟೆ. ಮೆಟ್ರೋದ ಎಂ1 ಮಾರ್ಗದ ಇಸ್ಲಾಂಡ್ಸ್ ಬ್ರೂಗೆ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ಸಾಕು.

ಆದರೆ ನೆನಪಿಡಿ, ಜಡಿಮಳೆ ಬಂದಾಗ ಊರಿನ ಹಳೆಯ ಚರಂಡಿಗಳು ತುಂಬಿ, ಹೆಚ್ಚಾದ ನೀರು ಈಗಲೂ ಬಂದರಿಗೇ ಹರಿಯುತ್ತದೆ. ಆಗ ಕಟ್ಟೆಯ ಮೇಲೆ ಕೆಂಪು ಬಾವುಟ ಏರುತ್ತದೆ. ನೀರು ನೋಡಲು ಎಷ್ಟು ತಿಳಿಯಾಗಿದ್ದರೂ ಕೆಂಪು ಬಾವುಟವಿದ್ದರೆ ಇಳಿಯಬೇಡಿ. ಹೊಟ್ಟೆ ಕೆಡಿಸುವ ಸೂಕ್ಷ್ಮಾಣು ಕಣ್ಣಿಗೆ ಕಾಣುವುದಿಲ್ಲ. ಗುರುತು ಹಾಕಿದ ಈಜು ವಲಯದ ಹೊರಗೆ ಎಲ್ಲೆಂದರಲ್ಲಿ ಧುಮುಕುವುದೂ ನಿಷಿದ್ಧ. ದಂಡ ಒಂದು ಕಡೆಗಿರಲಿ, ದೋಣಿಗಳು ಓಡಾಡುವ ದಾರಿ ಅದು.

ನಮಗೆ ಚೆನ್ನಾಗಿ ಈಜಲು ಬರುವುದಿಲ್ಲ. ಎಲ್ಲಿಗೆ ಹೋಗಬೇಕು?

ಅಮಾಯರ್ ಸ್ಟ್ರಾಂಡ್‌ಗೆ ಹೋಗಿ. 2005ರಲ್ಲಿ ಸಮುದ್ರದಲ್ಲಿ ಮರಳು ತುಂಬಿಸಿ ಮಾಡಿದ ದ್ವೀಪ ಅದು. ದ್ವೀಪಕ್ಕೂ ಹಳೆಯ ದಡಕ್ಕೂ ನಡುವೆ ಅಲೆಯಿಲ್ಲದ ಆಳ ಕಡಿಮೆಯ ನೀರಿದೆ. ಮಕ್ಕಳಿಗೂ ಈಜು ಬಾರದವರಿಗೂ ಅದೇ ಸರಿ. ಎಂ2 ಮಾರ್ಗದ ಓರೆಸುಂಡ್, ಅಮಾಯರ್ ಸ್ಟ್ರಾಂಡ್, ಫೆಮೋರನ್ ಮೂರೂ ನಿಲ್ದಾಣಗಳಿಂದ ನಡೆದು ಹೋಗಬಹುದು. ದಕ್ಷಿಣಕ್ಕೆ ಹೋದರೆ ಕಾಸ್ಟ್ರುಪ್ ಸೋಬಾದ್ ಎಂಬ ಮರದ ಕಟ್ಟೆ ಸಿಗುತ್ತದೆ. ಶಂಖದ ಸುರುಳಿಯ ಹಾಗೆ ನೀರಿನ ಮೇಲೆ ಸುತ್ತಿಕೊಂಡು ನಿಂತಿದೆ, ಒಳಗೆ ಗಾಳಿ ಬಡಿಯುವುದಿಲ್ಲ. ಸಂಜೆ ಸುಮ್ಮನೆ ಕೂರಲಿಕ್ಕಾದರೂ ಹೋಗಿ ಬನ್ನಿ.

ಬೇಸಿಗೆಯಲ್ಲಿ ಎರಡು ವಿಷಯ ಗಮನಿಸಿ. ಮೊಣಕಾಲುದ್ದ ನೀರಿನಲ್ಲಿ ನಿಂತು ಬಗ್ಗಿ ನೋಡಿದಾಗ ನಿಮ್ಮ ಪಾದ ನಿಮಗೆ ಕಾಣದಷ್ಟು ನೀರು ಹಸಿರಾಗಿದ್ದರೆ ಅದು ನೀಲಿಹಸಿರು ಪಾಚಿ ಇರಬಹುದು, ಮಕ್ಕಳನ್ನು ಇಳಿಸಬೇಡಿ. ಇನ್ನೊಂದು, ‘ಬ್ರಾಂಡ್‌ಮಂಡ್’ ಎನ್ನುವ ಕೆಂಪು ಜೆಲ್ಲಿಮೀನು. ತಗುಲಿದರೆ ಬೆಂಕಿ ತಾಗಿದ ಹಾಗೆ ಉರಿಯುತ್ತದೆ. ತಕ್ಷಣ ಸಮುದ್ರದ ನೀರಿನಿಂದಲೇ ತೊಳೆಯಿರಿ, ಅಂಟಿದ ಎಳೆಗಳನ್ನು ಬರಿಗೈಯಲ್ಲಿ ಮುಟ್ಟದೆ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಿರಿ. ನಲ್ಲಿ ನೀರು ಹಾಕಿದರೆ ಉಳಿದ ಕುಟುಕು ಕೋಶಗಳೂ ಒಡೆದು ಉರಿ ಹೆಚ್ಚಾಗುತ್ತದೆ.

ಸೌನಾದಲ್ಲಿ ಎಲ್ಲರೂ ಬೆತ್ತಲೆ ಕೂರುತ್ತಾರಂತೆ. ನಿಜವೇ?

ಜಾಗಕ್ಕೊಂದು ನಿಯಮ. ಬಂದರಿನ ಸುತ್ತ, ರೆಫ್ಸ್‌ಹಾಲೆಯೋ ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಸೌನಾಗಳಲ್ಲಿ ಗಂಡಸರು ಹೆಂಗಸರು ಒಟ್ಟಿಗೆ, ಈಜುಡುಗೆಯಲ್ಲೇ ಕೂರುತ್ತಾರೆ. ಅಮಾಯರ್‌ನ ಹೆಲ್ಗೊಲ್ಯಾಂಡ್ ಸ್ನಾನಕಟ್ಟೆಯಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಭಾಗಗಳಿವೆ, ಜೊತೆಗೆ ಎಲ್ಲರಿಗೂ ಸೇರಿದ ಭಾಗವಿದೆ. ಚಳಿಗಾಲದಲ್ಲಿ ಅದು ಸದಸ್ಯರ ಕ್ಲಬ್ಬಿನದ್ದು, ಪ್ರವಾಸಿಗರು ನೇರವಾಗಿ ಹೋಗುವಂತಿಲ್ಲ. ಟಿಕೆಟ್ ಪುಟದಲ್ಲಿ ಈಜುಡುಗೆಯ ನಿಯಮ ಬರೆದಿರುತ್ತದೆ, ಅದನ್ನು ಓದಿಯೇ ದುಡ್ಡು ಕಟ್ಟಿ.

ಮುಜುಗರ ನಿಜವಾಗಿ ಎದುರಾಗುವುದು ಸೌನಾದಲ್ಲಲ್ಲ, ಈಜುಕೊಳದ ಷವರ್ ಕೋಣೆಯಲ್ಲಿ. ಡೆನ್ಮಾರ್ಕಿನ ಒಳಾಂಗಣ ಈಜುಕೊಳಗಳಲ್ಲಿ ಈಜುಡುಗೆ ಹಾಕುವ ಮೊದಲು, ಬೆತ್ತಲೆಯಾಗಿ, ಸೋಪು ಹಚ್ಚಿ ತೊಳೆದುಕೊಳ್ಳುವುದು ಕಡ್ಡಾಯ. ತಲೆ, ಕಂಕುಳು, ತೊಡೆಸಂದು, ಪಾದ ಎಂದು ಗುರುತು ಹಾಕಿದ ಚಿತ್ರವನ್ನೇ ಗೋಡೆಗೆ ಅಂಟಿಸಿರುತ್ತಾರೆ. ಕಾರಣವಿದೆ: ಬೆವರು ಮತ್ತು ಮೂತ್ರದ ಅಂಶ ಕ್ಲೋರಿನ್ ಜೊತೆ ಸೇರಿದರೆ ಕ್ಲೋರಮೈನ್ ಆಗುತ್ತದೆ. ಈಜುಕೊಳದ ಆ ಘಾಟು, ಕಣ್ಣುರಿ ಎರಡೂ ಅದರಿಂದಲೇ. ಎಲ್ಲರೂ ತೊಳೆದುಕೊಂಡು ಇಳಿದರೆ ಕ್ಲೋರಿನ್ ಕಡಿಮೆ ಸಾಕು. ಷವರ್ ಕೋಣೆ ಗಂಡಸರಿಗೆ ಹೆಂಗಸರಿಗೆ ಬೇರೆಬೇರೆಯೇ, ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಪರದೆ ಇರುವ ಮೂಲೆ ಇದೆಯೇ ಎಂದು ಸಿಬ್ಬಂದಿಯನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಸೌನಾಕ್ಕೆ ಮೊದಲ ಸಲ ಹೋಗುತ್ತಿದ್ದೇವೆ. ಹಂತ ಹಂತವಾಗಿ ಹೇಳಿ.

ಹೊಟ್ಟೆ ಬಿರಿಯುವಷ್ಟು ತಿಂದು ಹೋಗಬೇಡಿ, ಹಸಿದುಕೊಂಡೂ ಹೋಗಬೇಡಿ. ಊಟವಾಗಿ ಎರಡು ಗಂಟೆ ಕಳೆದಿರಲಿ. ಅರ್ಧ ಲೀಟರ್ ನೀರು ಕುಡಿಯಿರಿ. ಬಿಯರ್, ವೈನ್ ಮೊದಲೂ ಬೇಡ, ನಡುವೆಯೂ ಬೇಡ.

ಸೋಪಿನಲ್ಲಿ ಮೈ ತೊಳೆದು ಒರೆಸಿಕೊಳ್ಳಿ. ಒದ್ದೆ ಮೈ ಬೆವರಲು ತಡಮಾಡುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ತೊಳೆದುಕೊಂಡೇ ಹೋಗಬೇಕು. ಕಾವಿಗೆ ಎಣ್ಣೆ ಕರಗಿ ಕಣ್ಣಿಗೆ ಇಳಿಯುತ್ತದೆ, ಬಣ್ಣ ಬಳಿಯದ ಮರದ ಹಲಗೆಗೆ ಕಲೆ ಹಿಡಿಯುತ್ತದೆ. ಎಣ್ಣೆ ಹಚ್ಚಿ, ನೆನೆಸಿ, ಹಂಡೆಯ ಬಿಸಿನೀರು ಸುರಿದುಕೊಳ್ಳುವ ನಮ್ಮ ಅಭ್ಯಂಜನದ ಲೆಕ್ಕ ಇಲ್ಲಿ ತಲೆಕೆಳಗು. ಎಣ್ಣೆ, ಲೋಷನ್ ಏನಿದ್ದರೂ ಎಲ್ಲ ಮುಗಿದ ಮೇಲೆ.

ಒಳಗಿನ ಕಾವು 70ರಿಂದ 90 ಡಿಗ್ರಿ ಸೆಲ್ಸಿಯಸ್. ಗಾಳಿ ಒಣಗಿರುವುದರಿಂದ ತಡೆಯಬಹುದು, ಅದೇ ಬಿಸಿಯ ನೀರಾಗಿದ್ದರೆ ಚರ್ಮ ಸುಟ್ಟುಹೋಗುತ್ತಿತ್ತು. ಬಿಸಿಗಾಳಿ ಮೇಲಕ್ಕೇರುವುದರಿಂದ ಮೇಲಿನ ಹಲಗೆಯೇ ಹೆಚ್ಚು ಬಿಸಿ. ಮೊದಲ ಸಲ ಕೆಳಗಿನ ಹಲಗೆಯಲ್ಲಿ, ಬಾಗಿಲ ಹತ್ತಿರ ಕೂತುಕೊಳ್ಳಿ. ಟವೆಲ್ ಹಾಸಿಕೊಂಡೇ ಕೂರಬೇಕು, ಕಾಲೂ ಟವೆಲ್ ಮೇಲೆಯೇ ಇರಲಿ. ಬೆವರು ಮರಕ್ಕೆ ತಾಗಬಾರದು. ಮೊದಲ ಸುತ್ತು 8 ನಿಮಿಷ ಸಾಕು. ಮರಳುಗಡಿಯಾರ ಗೋಡೆಯಲ್ಲಿದ್ದರೂ ಅದನ್ನು ಗೆಲ್ಲಲು ಹೋಗಬೇಡಿ. ಎದೆ ಡವಡವ ಎನ್ನುತ್ತಿದ್ದರೆ, ತಲೆ ಹಗುರಾದಂತಾದರೆ, ಬೆವರು ಇದ್ದಕ್ಕಿದ್ದಂತೆ ನಿಂತರೆ ತಕ್ಷಣ ಎದ್ದು ಹೊರಗೆ ಬನ್ನಿ. ಅಂಥದ್ದೇನೂ ಇಲ್ಲದಿದ್ದರೆ ಏಳುವ ಮುನ್ನ ಒಂದು ನಿಮಿಷ ಕಾಲು ಇಳಿಬಿಟ್ಟು ಕೂತಿರಿ. ರಕ್ತನಾಳಗಳು ಹಿಗ್ಗಿರುತ್ತವೆ, ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಪಕ್ಕದಲ್ಲೇ ಕಾದ ಒಲೆ ಇದೆ ಎನ್ನುವುದು ನೆನಪಿರಲಿ.

ಕಲ್ಲಿಗೆ ನೀರು ಹಾಕುವ ಮೊದಲು ಉಳಿದವರನ್ನು ಕೇಳಬೇಕು. ಒಂದು ಸೌಟು ಸಾಕು. ಆವಿ ಎದ್ದು ಚಾವಣಿಗೆ ಬಡಿದು ಹೆಗಲ ಮೇಲೆ ಇಳಿಯುವುದಕ್ಕೆ ಐದಾರು ಸೆಕೆಂಡು ಹಿಡಿಯುತ್ತದೆ. ‘ಏನೂ ಆಗಲಿಲ್ಲವಲ್ಲ’ ಎಂದು ಎರಡನೇ ಸೌಟು ಸುರಿದವರು ಕಿವಿ ಮುಚ್ಚಿಕೊಂಡು ಓಡಿಬರುತ್ತಾರೆ.

‘ಸೌನಾಗುಸ್’ ಅಂತ ಬುಕ್ಕಿಂಗ್ ಪುಟದಲ್ಲಿ ಇದೆ. ಏನದು?

‘ಗುಸ್‌ಮೇಸ್ಟರ್’ ಎನ್ನುವವರು ಸುಗಂಧ ತೈಲ ಬೆರೆಸಿದ ನೀರನ್ನು ಕಲ್ಲಿನ ಮೇಲೆ ಸುರಿದು, ಟವೆಲ್ ಬೀಸಿ ಬಿಸಿಗಾಳಿಯನ್ನು ಒಬ್ಬೊಬ್ಬರ ಕಡೆಗೂ ತಳ್ಳುತ್ತಾರೆ. ಸಾಮಾನ್ಯವಾಗಿ ಮೂರು ಸುತ್ತು, ನಡುನಡುವೆ ಹೊರಗೆ ಬಂದು ತಣ್ಣೀರು. ಕಾವು ಸುತ್ತಿನಿಂದ ಸುತ್ತಿಗೆ ಏರುತ್ತದೆ. ನಡುವೆ ಎದ್ದು ಹೋಗುವುದು ಅಸಭ್ಯತೆ ಎಂದುಕೊಂಡು ಹಲ್ಲುಕಚ್ಚಿ ಕೂರಬೇಡಿ. ಕೈ ತೋರಿಸಿ ಹೊರಟರೆ ಯಾರೂ ಏನೂ ಅನ್ನುವುದಿಲ್ಲ. ಉಬ್ಬಸ ಇರುವವರಿಗೆ ನೀಲಗಿರಿ, ಪುದೀನ ತೈಲದ ಘಾಟು ಉಸಿರು ಕಟ್ಟಿಸಬಹುದು. ಯಾವ ತೈಲ ಹಾಕುತ್ತೀರಿ ಎಂದು ಮೊದಲೇ ಕೇಳಿ.

ತಣ್ಣೀರಿಗೆ ಇಳಿಯುವುದು ಹೇಗೆ? ನಿಜವಾಗಿ ಅಪಾಯವಿದೆಯೇ?

ಇದೆ. ಅಪಾಯ ಇರುವುದು ಮೊದಲ ಒಂದೂವರೆ ನಿಮಿಷದಲ್ಲಿ. ಜನವರಿ, ಫೆಬ್ರವರಿಯಲ್ಲಿ ಓರೆಸುಂಡ್ ಜಲಸಂಧಿಯ ನೀರು 2ರಿಂದ 4 ಡಿಗ್ರಿಯಷ್ಟಿರುತ್ತದೆ. ಅಂಥ ನೀರು ಎದೆಗೆ ತಾಗಿದ ಕೂಡಲೇ ನಮ್ಮ ಹಿಡಿತವಿಲ್ಲದೆ ಉಸಿರು ‘ಹಾ’ ಎಂದು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ತಲೆ ನೀರಿನೊಳಗಿದ್ದರೆ ಎಳೆದುಕೊಳ್ಳುವುದು ಗಾಳಿಯನ್ನಲ್ಲ, ನೀರನ್ನು. ಎಷ್ಟೇ ನುರಿತ ಈಜುಗಾರರಾಗಿದ್ದರೂ ಧುಮುಕಬೇಡಿ ಎಂದು ಹೇಳುವುದು ಇದಕ್ಕೇ.

ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು, ನೀರಿಗೆ ಬೆನ್ನು ಮಾಡಿ, ಒಂದೊಂದೇ ಮೆಟ್ಟಿಲು ಇಳಿಯಿರಿ. ನೀರು ಸೊಂಟಕ್ಕೆ ಬಂದಾಗ ನಿಂತು ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ. ಒಳಗೆ ಎಳೆಯುವುದು ತಾನಾಗಿಯೇ ಆಗುತ್ತದೆ, ಗಮನವೆಲ್ಲ ಹೊರಬಿಡುವುದರ ಮೇಲಿರಲಿ. ಮತ್ತೆ ಎದೆಯವರೆಗೆ. ಕೈ ಏಣಿ ಬಿಡದಿರಲಿ. ಉಣ್ಣೆ ಟೋಪಿ ತಲೆಯ ಮೇಲೇ ಇರಲಿ, ತಲೆ ಮುಳುಗಿಸುವ ಅಗತ್ಯವಿಲ್ಲ. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದಂತೆ ಆಗುತ್ತದೆ, ಆಮೇಲೆ ಮರಗಟ್ಟುತ್ತವೆ. ಮೊದಲ ಸಲಕ್ಕೆ ಮೂವತ್ತು ಸೆಕೆಂಡು ಧಾರಾಳ. ರೂಢಿಯಿದ್ದವರೇ ಒಂದೆರಡು ನಿಮಿಷದಲ್ಲಿ ಹತ್ತಿಬಿಡುತ್ತಾರೆ. ಹೊತ್ತು ಹೆಚ್ಚಾದರೆ ಕೈಕಾಲಿನ ಸ್ನಾಯುಗಳು ಮಾತು ಕೇಳುವುದಿಲ್ಲ, ಏಣಿಯ ಕಂಬಿಯನ್ನು ಬಿಗಿಹಿಡಿಯಲು ಬೆರಳು ಮಡಚುವುದಿಲ್ಲ.

ಹತ್ತಿದ ಮೇಲೂ ಹತ್ತು ನಿಮಿಷ ಮೈಯೊಳಗಿನ ಕಾವು ಇಳಿಯುತ್ತಲೇ ಇರುತ್ತದೆ. ಕೈಕಾಲಿನ ತಣ್ಣಗಿನ ರಕ್ತ ಒಡಲಿಗೆ ಮರಳುವುದೂ ಇದಕ್ಕೊಂದು ಕಾರಣ. ನಡುಕ ಆಗಲೇ ಜೋರಾಗುವುದು. ಹಾಗಾಗಿ ಒದ್ದೆ ಬಟ್ಟೆ ತೆಗೆದು, ಒರೆಸಿಕೊಂಡು, ಮೊದಲು ಮೇಲ್ಭಾಗಕ್ಕೆ ಬೆಚ್ಚಗಿನದ್ದು ಹಾಕಿಕೊಳ್ಳಿ, ಆಮೇಲೆ ಕಾಲುಚೀಲ. ಒಬ್ಬರೇ ಎಂದೂ ಇಳಿಯಬೇಡಿ. ದಡದಲ್ಲಿ ಒಬ್ಬರು ಬಟ್ಟೆ ಹಾಕಿಕೊಂಡೇ ನಿಂತಿರಲಿ.

ಬಿಪಿ, ಶುಗರ್ ಇರುವವರು ಹೋಗಬಹುದೇ?

ಬಿಪಿ ಹಿಡಿತದಲ್ಲಿದ್ದು, ವೈದ್ಯರು ಸರಿ ಎಂದರೆ, ಕೆಳಗಿನ ಹಲಗೆಯ ಸಾಧಾರಣ ಸೌನಾ ಹೆಚ್ಚಿನವರಿಗೆ ಆಗಬಹುದು. ಕಷ್ಟ ಇರುವುದು ಬಿಸಿಯಿಂದ ನೇರ ತಣ್ಣೀರಿಗೆ ಹೋಗುವುದರಲ್ಲಿ. ಬಿಸಿಯಲ್ಲಿ ಹಿಗ್ಗಿದ ನಾಳಗಳು ತಣ್ಣೀರಿನಲ್ಲಿ ಒಮ್ಮೆಲೇ ಬಿಗಿದುಕೊಂಡು ಒತ್ತಡ ಜಿಗಿಯುತ್ತದೆ, ಹೃದಯಕ್ಕೆ ಏಕಾಏಕಿ ಹೊರೆ ಬೀಳುತ್ತದೆ. ಹೃದಯದ ತೊಂದರೆ, ಹಿಡಿತಕ್ಕೆ ಸಿಗದ ಬಿಪಿ, ಮೂರ್ಛೆರೋಗ, ತಣ್ಣನೆಗೆ ಮೈಮೇಲೆ ಗಂದೆ ಏಳುವ ಅಲರ್ಜಿ ಇರುವವರು, ಗರ್ಭಿಣಿಯರು ತಣ್ಣೀರಿಗೆ ಇಳಿಯದಿರುವುದೇ ಸರಿ. ಸೌನಾದಿಂದ ಬಂದು ಹೊರಗಿನ ಗಾಳಿಯಲ್ಲಿ ಐದು ನಿಮಿಷ ನಿಂತರೂ ಮೈ ತಣಿಯುತ್ತದೆ. ಅದರಿಂದ ಅನುಭವವೇನೂ ಕಡಿಮೆಯಾಗುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರು ಕಿವಿಗೊಟ್ಟು ಕೇಳಬೇಕು. ಕಾವಿಗೆ ಚರ್ಮದ ರಕ್ತಸಂಚಾರ ಹೆಚ್ಚಿ, ಚುಚ್ಚಿದ ಇನ್ಸುಲಿನ್ನನ್ನು ಮೈ ಬೇಗ ಹೀರಿಕೊಳ್ಳುತ್ತದೆ, ಶುಗರ್ ಥಟ್ಟನೆ ಇಳಿಯಬಹುದು. ಹೋಗುವ ಮೊದಲು ಅಳೆದುಕೊಳ್ಳಿ, ಜೊತೆಗೆ ಸಕ್ಕರೆ ಇಲ್ಲವೇ ಗ್ಲೂಕೋಸ್ ಇರಲಿ, ಜೊತೆಗಿರುವವರಿಗೆ ಹೇಳಿಡಿ. ಬೆವರು, ಎದೆಬಡಿತ ಎರಡೂ ಸೌನಾದಲ್ಲಿ ಹೇಗೂ ಇರುವುದರಿಂದ ಶುಗರ್ ಇಳಿದದ್ದು ಗೊತ್ತಾಗುವುದೇ ಇಲ್ಲ. ಇನ್ಸುಲಿನ್ ಪೆನ್ನನ್ನು ಸೌನಾದೊಳಗೆ ಒಯ್ಯಬೇಡಿ, ಚಳಿಗಾಲದಲ್ಲಿ ಹೊರಗಿನ ಲಾಕರಿನಲ್ಲೂ ಬಿಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಪಾದದ ಸ್ಪರ್ಶ ಕಡಿಮೆಯಾಗಿರುವವರು ಬರಿಗಾಲಲ್ಲಿ ನಡೆಯಬಾರದು. ಬಿಸಿ ಹಲಗೆಯೂ ತಿಳಿಯದು, ಮಂಜುಗಡ್ಡೆಯ ಚೂರೂ ತಿಳಿಯದು.

ಒಡವೆ ಹಾಕಿಕೊಂಡು ಹೋಗಬಹುದೇ?

ಬೇಡ. ಚಿನ್ನದ ಸರ, ಬಳೆ, ಲೋಹದ ಕನ್ನಡಕ ಎಲ್ಲವೂ ಸೌನಾದಲ್ಲಿ ಕಾದು ಚರ್ಮ ಸುಡುತ್ತವೆ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಊರಿಂದ ಹೊರಡುವಾಗಲೇ ಅರಿಶಿನದ ದಾರಕ್ಕೆ ಪೋಣಿಸಿಕೊಂಡು, ಒಳಗೆ ಕೂತಾಗ ತಾಳಿಯ ಕೆಳಗೆ ಟವೆಲ್ ಮಡಿಕೆ ಇಟ್ಟುಕೊಳ್ಳಬಹುದು. ಉಂಗುರದ ಅಪಾಯ ಬೇರೆ: ತಣ್ಣೀರಿನಲ್ಲಿ ಬೆರಳು ಸೊರಗುತ್ತದೆ, ಬಿಗಿಯಾಗಿದ್ದ ಉಂಗುರವೂ ಜಾರಿ ಬೀಳುತ್ತದೆ. ಬಂದರಿನ ಕೆಸರಿಗೆ ಬಿದ್ದದ್ದು ಹೋಯಿತು ಎಂದೇ ಲೆಕ್ಕ.

ಏನೇನು ಒಯ್ಯಬೇಕು?

ಎರಡು ಟವೆಲ್ (ಒಂದು ಕೂರಲು, ಒಂದು ಒರೆಸಲು), ಉಣ್ಣೆ ಟೋಪಿ, ರಬ್ಬರ್ ಚಪ್ಪಲಿ, ನೀರಿನ ಬಾಟಲಿ, ಫ್ಲಾಸ್ಕಿನಲ್ಲಿ ಬಿಸಿ ಚಹಾ. ಚಳಿಗಾಲಕ್ಕೆ ಈಜುಗಾರರು ಹಾಕುವ ನಿಯೋಪ್ರೀನ್ ಕಾಲುಚೀಲವಿದ್ದರೆ ಒಳ್ಳೆಯದು. ಏಣಿಯ ಹತ್ತಿರ ನೀರು ಚೆಲ್ಲಿ ಹೆಪ್ಪುಗಟ್ಟಿರುತ್ತದೆ, ಜನ ಜಾರಿ ಬೀಳುವುದು ನೀರಿನಲ್ಲಿ ಅಲ್ಲ, ಅಲ್ಲಿ. ಬಟ್ಟೆ ಸಡಿಲವಾಗಿರಲಿ. ಮರಗಟ್ಟಿದ ಬೆರಳಲ್ಲಿ ಜೀನ್ಸ್ ಗುಂಡಿ ಹಾಕಲು ಆಗುವುದಿಲ್ಲ. ಸೀರೆ, ಚೂಡಿದಾರದಲ್ಲಿ ನೀರಿಗಿಳಿಯಬಾರದು, ಒದ್ದೆಯಾದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈ ಮುಚ್ಚಬೇಕೆನ್ನುವವರು ಉದ್ದ ತೋಳಿನ ಈಜುಡುಗೆ ಒಯ್ಯಿರಿ.

ಪಕ್ಕದ ಮಾಲ್ಮೊಗೆ ಹೋಗಿಬರುವುದು ಒಳ್ಳೆಯದೇ?

ಹಳೆಯ ಕಾಲದ ಸ್ನಾನಕಟ್ಟೆ ನೋಡಬೇಕಿದ್ದರೆ ಖಂಡಿತ. 2000ದಲ್ಲಿ ತೆರೆದ ಓರೆಸುಂಡ್ ಸೇತುವೆಯ ಮೇಲೆ ರೈಲಿನಲ್ಲಿ ನಲವತ್ತು ನಿಮಿಷಕ್ಕೆ ಸ್ವೀಡನ್ನಿನ ಮಾಲ್ಮೊ. ರಿಬೆರ್ಸ್‌ಬೋರ್ಗ್ ಕಾಲ್‌ಬಾದ್‌ಹುಸ್ 1898ರದ್ದು, ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಮರದ ಸೇತುವೆಯ ತುದಿಯಲ್ಲಿದೆ. ಗಂಡಸರಿಗೆ ಒಂದು ಬದಿ, ಹೆಂಗಸರಿಗೆ ಒಂದು ಬದಿ. ಇಲ್ಲಿ ಬೆತ್ತಲೆಯೇ ನಿಯಮ, ಈಜುಡುಗೆಗೆ ಅವಕಾಶವಿಲ್ಲ. ಸೌನಾದ ಕಿಟಕಿಯಿಂದ ನೇರ ಕಡಲು ಕಾಣುತ್ತದೆ. ಎರಡೂ ಒಂದೇ ವೀಸಾ ನಡೆಯುವ ಷೆಂಗೆನ್ ಕೂಟದ ದೇಶಗಳಾದ್ದರಿಂದ ಬೇರೆ ವೀಸಾ ಬೇಡ, ಆದರೆ ರೈಲಿನಲ್ಲಿ ತಪಾಸಣೆ ನಡೆಯುತ್ತದೆ. ಪಾಸ್‌ಪೋರ್ಟನ್ನು ಹೋಟೆಲ್ಲಿನಲ್ಲಿ ಬಿಟ್ಟು ಹೋಗಬೇಡಿ.

ನೀರು ಬೇಡ, ನಡೆಯಲು ಎಲ್ಲಿಗೆ ಹೋಗಬಹುದು?

ಡ್ಯೂರೆಹಾವನ್. ನಗರರೈಲಿನ ಸಿ ಮಾರ್ಗದಲ್ಲಿ ಕ್ಲಾಂಪೆನ್‌ಬೋರ್ ನಿಲ್ದಾಣದಲ್ಲಿ ಇಳಿದರೆ ಕಾಡು ಎದುರಿಗೇ. ರಾಜರ ಬೇಟೆಗೆ ನೇರ ದಾರಿಗಳನ್ನು ಕಡಿದ ಕಾಡಿದು, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಜಿಂಕೆಗಳ ಹಿಂಡು ಹತ್ತಿರದಿಂದಲೇ ಕಾಣುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಬೆದೆಗಾಲದಲ್ಲಿ ಗಂಡು ಕಡವೆಗಳ ಕೂಗು ಕೇಳುತ್ತದೆ. ಆಗ ದೂರವೇ ಇರಿ.

ಇಲ್ಲಿ ಉಣ್ಣಿಗಳಿವೆ. ನಮ್ಮ ಮಲೆನಾಡಿನವರಿಗೆ ಉಣ್ಣಿಯ ಭಯ ಹೊಸದಲ್ಲ, ಆದರೆ ಇಲ್ಲಿಯದು ಮಂಗನಕಾಯಿಲೆಯಲ್ಲ, ಬೊರೇಲಿಯಾ ಎಂಬ ಸೋಂಕು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಸಂಜೆ ಮೊಣಕಾಲ ಹಿಂಬದಿ, ತೊಡೆಸಂದು, ಕಂಕುಳು, ಮಕ್ಕಳ ಕೂದಲಂಚು ನೋಡಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಮೊದಲ ದಿನದಲ್ಲೇ ಕಿತ್ತರೆ ಸೋಂಕು ತಗಲುವ ಸಾಧ್ಯತೆ ಬಹಳ ಕಡಿಮೆ. ಮೂರು ದಿನದಿಂದ ಒಂದು ತಿಂಗಳೊಳಗೆ ಆ ಜಾಗದಲ್ಲಿ ಉಂಗುರದಂತೆ ಹರಡುವ ಕೆಂಪು ಕಲೆ ಕಂಡರೆ ವೈದ್ಯರ ಬಳಿ ಹೋಗಿ. ಅಷ್ಟರಲ್ಲಿ ನೀವು ಊರಿಗೆ ಮರಳಿರುತ್ತೀರಿ. ಬೆಂಗಳೂರಿನ ವೈದ್ಯರಿಗೆ ಇದು ಅಪರೂಪದ ರೋಗ, ಆದ್ದರಿಂದ ಡೆನ್ಮಾರ್ಕಿನ ಕಾಡಿನಲ್ಲಿ ಓಡಾಡಿದ್ದನ್ನು ನೀವೇ ಮೊದಲು ಹೇಳಿ.

ಸೈಕಲ್ ಬಾಡಿಗೆಗೆ ತೆಗೆದುಕೊಳ್ಳೋಣವೇ?

ತೆಗೆದುಕೊಳ್ಳಿ, ಆದರೆ ಬೆಳಗ್ಗೆ ಎಂಟರ ದಟ್ಟಣೆಯಲ್ಲಿ ಕಲಿಯಲು ಹೋಗಬೇಡಿ. ಬಲಗಡೆ ಸಂಚಾರ. ನಿಲ್ಲುವ ಮೊದಲು ಅಂಗೈ ಎತ್ತಿ ತೋರಿಸಬೇಕು. ಎಡಕ್ಕೆ ನೇರ ತಿರುಗುವಂತಿಲ್ಲ: ಅಡ್ಡರಸ್ತೆ ದಾಟಿ, ಮೂಲೆಯಲ್ಲಿ ನಿಂತು, ಆ ಕಡೆಯ ಹಸಿರು ದೀಪ ಬಂದಾಗ ಹೋಗಬೇಕು. ಕತ್ತಲಾದರೆ ದೀಪ ಕಡ್ಡಾಯ.

ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?

ಬೆಳಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ರೈ ಹಿಟ್ಟಿನ ಕಪ್ಪು ರೊಟ್ಟಿಯ ಮೇಲೆ ಆಲೂಗೆಡ್ಡೆ. ಅಂಗಡಿಗಳಲ್ಲಿ ‘ಕೆರ್ನೆಮೆಲ್ಕ್’ ಎಂಬ ಪೊಟ್ಟಣ ಸಿಗುತ್ತದೆ, ಅದು ಮಜ್ಜಿಗೆಯೇ, ಸ್ವಲ್ಪ ಗಟ್ಟಿ. ನೀರು ಬೆರೆಸಿ ಉಪ್ಪು ಹಾಕಿಕೊಂಡರೆ ಸೌನಾದ ನಂತರ ಅದಕ್ಕಿಂತ ಒಳ್ಳೆಯ ಪಾನೀಯ ಬೇಡ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಸುಣ್ಣದಂಶ ಹೆಚ್ಚಿರುವ ಗಡಸು ನೀರು, ಹಾಗಾಗಿ ಸ್ನಾನದ ಮೇಲೆ ಚರ್ಮ ಒಣಗುತ್ತದೆ. ಕೊಬ್ಬರಿ ಎಣ್ಣೆ ಆಗ ಹಚ್ಚಿಕೊಳ್ಳಿ.

ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು?

ಪ್ರಾಣಾಪಾಯಕ್ಕೆ 112. ಜ್ವರ, ಗಾಯ, ಉಳುಕಿನಂಥದ್ದಕ್ಕೆ ರಾಜಧಾನಿ ಪ್ರದೇಶದಲ್ಲಿ 1813. ಆಸ್ಪತ್ರೆಗೆ ನೇರ ಹೋಗದೆ ಮೊದಲು ಇಲ್ಲಿಗೆ ಕರೆ ಮಾಡಬೇಕು. ಎಲ್ಲಿಗೆ, ಎಷ್ಟು ಹೊತ್ತಿಗೆ ಬರಬೇಕೆಂದು ಅವರೇ ಹೇಳುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡಬಹುದು. ಭಾರತದ ವೈದ್ಯರ ಚೀಟಿಗೆ ಅಲ್ಲಿನ ಔಷಧಿ ಅಂಗಡಿಯಲ್ಲಿ ಮಾತ್ರೆ ಸಿಗುವುದಿಲ್ಲ, ಹಾಗಾಗಿ ನಿತ್ಯದ ಮಾತ್ರೆಗಳನ್ನು ಒಂದು ವಾರದಷ್ಟು ಹೆಚ್ಚಾಗಿ, ಮೂಲ ಪೊಟ್ಟಣದಲ್ಲೇ ಒಯ್ಯಿರಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಹೇಗೂ ಮಾಡಿಸಿರುತ್ತೀರಿ. ಮೊದಲೇ ಇದ್ದ ಕಾಯಿಲೆ ಅದರಲ್ಲಿ ಸೇರಿದೆಯೇ ಎಂದು ಓದಿಕೊಳ್ಳಿ.

ಓದಲು, ಕೆಲಸಕ್ಕೆಂದು ಅಲ್ಲೇ ಇರುವವರಿಗೆ ಬೇರೆ ಏನಾದರೂ?

ವಿಟಮಿನ್ ಡಿ. ಡಿಸೆಂಬರಿನಲ್ಲಿ ಹಗಲು ಏಳು ಗಂಟೆಯಷ್ಟೇ, ಅಕ್ಟೋಬರಿನಿಂದ ಮಾರ್ಚಿನವರೆಗೆ ಓರೆ ಬಿಸಿಲಿನಲ್ಲಿ ಚರ್ಮ ಅದನ್ನು ತಯಾರಿಸಲಾರದು. ಕಪ್ಪು, ಗೋಧಿ ಬಣ್ಣದ ಚರ್ಮದವರಿಗೆ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳಲು ಡೆನ್ಮಾರ್ಕಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಮಾಂಸ, ಮೀನು ತಿನ್ನದವರಿಗಂತೂ ಇದು ಇನ್ನೂ ಮುಖ್ಯ, ಬಿ12 ಕೂಡ ಪರೀಕ್ಷೆ ಮಾಡಿಸಿಕೊಳ್ಳಿ. ಜೂನಿನಲ್ಲಿ ಕಷ್ಟ ತಿರುಗುಮುರುಗು: ನಾಲ್ಕೂವರೆಗೆಲ್ಲ ಸೂರ್ಯ ಹುಟ್ಟಿ ನಿದ್ದೆ ಕೆಡುತ್ತದೆ, ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ ಇಟ್ಟುಕೊಳ್ಳಿ. ಚಳಿಗಾಲದ ಸ್ನಾನದ ಕ್ಲಬ್ಬುಗಳಲ್ಲಿ ಸರದಿ ಉದ್ದ. ಸೇರುವ ಮನಸ್ಸಿದ್ದರೆ ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಹೆಸರು ಬರೆಸಿಬಿಡಿ.